ಕಡಲಾಚೆ ಮಡಿದವರ ಹೆಸರು

ಪರದೇಶದ ರಣರಂಗದಲ್ಲಿ ಸತ್ತ ಕನ್ನಡನಾಡಿನ ಸಿಪಾಯಿಯ ಹೆಸರು ಎಲ್ಲಿ ಉಳಿಯಿತು ಎಂಬುದು ಅವನ ಶೌರ್ಯಕ್ಕಿಂತ ಹೆಚ್ಚಾಗಿ ಅವನು ಯಾವ ಪಲ್ಟನ್ನಿಗೆ ಸೇರಿದ್ದ ಎಂಬುದರ ಮೇಲೆ ನಿಂತಿತ್ತು. ಬ್ರಿಟಿಷರ ಕಾಲದಲ್ಲಿ ಕನ್ನಡಿಗರದೇ ಎನ್ನಬಹುದಾದ ಒಂದು ದಂಡು ಇರಲಿಲ್ಲ. ಮೈಸೂರು ಸಂಸ್ಥಾನದವರು ಮಹಾರಾಜರ ಸೇನೆಗೆ ಸೇರಿದರೆ, ಮಂಗಳೂರು, ಬಳ್ಳಾರಿಯ ಕಡೆಯವರಿಗೆ ಮದ್ರಾಸಿನ ದಂಡೇ ಹತ್ತಿರ. ಕಾರವಾರ, ಅಂಕೋಲೆಯವರ ದಾರಿ ಇವೆರಡಕ್ಕಿಂತ ಬೇರೆ. ಕೆನರಾ ಜಿಲ್ಲೆಯ ಉತ್ತರ ಭಾಗವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ ಮೇಲೆ ಈ ಕರಾವಳಿಯ ತರುಣರಿಗೆ ಬೆಳಗಾವಿಯ ಮರಾಠಾ ಪಲ್ಟನ್ನುಗಳು, ಪುಣೆಯ ಬಳಿಯ ಕಿರ್ಕಿಯಲ್ಲಿದ್ದ ಬಾಂಬೆ ಸ್ಯಾಪರ್ಸ್ ದಂಡು ಹತ್ತಿರವಾದವು. ಒಂದೇ ಭಾಷೆಯ ನಾಡಿನಿಂದ ಹೊರಟು ಒಂದೇ ಯುದ್ಧದಲ್ಲಿ ಸತ್ತವರ ದಾಖಲೆ ಹೀಗೆ ಮೂರು ನಾಲ್ಕು ದಿಕ್ಕಿಗೆ ಚದುರಿಹೋಯಿತು.

ಸತ್ತ ವೀರನನ್ನು ಊರಲ್ಲೇ ನೆನೆಯುವ ಪದ್ಧತಿ ಈ ನಾಡಿಗೆ ಹೊಸದಲ್ಲ. ಕರ್ನಾಟಕದ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ನೋಟ, ಮೇಲೆ ಶಿವಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರರು ಇರುತ್ತಾರೆ. ಕಡಲ ಕಾಳಗವನ್ನು ಕೆತ್ತಿದ ಕಲ್ಲುಗಳೂ ಪಶ್ಚಿಮ ಕರಾವಳಿಯಲ್ಲಿವೆ. ಗೋವೆಯ ಕದಂಬರ ಕಾಲದ ಒಂದು ವೀರಗಲ್ಲಿನಲ್ಲಿ ಹಡಗಿನ ಯುದ್ಧವನ್ನೇ ಕಾಣಬಹುದು. ಹಿಂದೆ ಇಂಥ ಕಲ್ಲನ್ನು ನಿಲ್ಲಿಸಿದವರು ಸತ್ತವನ ಮನೆಯವರು, ಊರವರು ಅಥವಾ ಅವನ ಒಡೆಯ. ಕಲ್ಲು ನಿಂತದ್ದೂ ಅವರ ಕಣ್ಣೆದುರಿಗೆ. ಇಪ್ಪತ್ತನೆಯ ಶತಮಾನದ ಎರಡು ಮಹಾಯುದ್ಧಗಳು ಈ ನಂಟನ್ನೇ ಮುರಿದವು. ಸಾವು ಒಂದು ಕಡೆ, ಸ್ಮಾರಕ ಇನ್ನೊಂದು ಕಡೆ, ಅಳುವವರು ಮತ್ತೊಂದು ಕಡೆ ಎಂಬಂತಾಯಿತು.

ಮೊದಲ ಮಹಾಯುದ್ಧದಲ್ಲಿ ಭಾರತದಿಂದ ಹೊರಟವರು ಸುಮಾರು 13 ಲಕ್ಷ, ಸತ್ತವರು 74 ಸಾವಿರಕ್ಕೂ ಹೆಚ್ಚು. ಮುಂಬಯಿ ಪ್ರಾಂತ್ಯದ ಪಲ್ಟನ್ನುಗಳಿಗೆ ಆ ಯುದ್ಧವೆಂದರೆ ಮುಖ್ಯವಾಗಿ ಮೆಸೊಪೊಟೇಮಿಯಾ, ಅಂದರೆ ಇಂದಿನ ಇರಾಕ್. 1914ರ ನವೆಂಬರಿನಲ್ಲಿ ಶತ್ತಲ್ ಅರಬ್ ನದೀಮುಖದ ಫಾವ್‌ನಲ್ಲಿ ಮೊದಲು ಇಳಿದ ಸೈನ್ಯದಲ್ಲಿ 117ನೇ ಮರಾಠಾ ಪಲ್ಟನ್ ಇತ್ತು. 103 ಮತ್ತು 110ನೇ ಮರಾಠಾ ಲಘು ಪದಾತಿ ದಳಗಳೂ ಪುಣೆಯ ಹೆಸರು ಹೊತ್ತ ಅದೇ ಆರನೇ ಡಿವಿಜನ್ನಿಗೆ ಸೇರಿದ್ದವು. ಬಾಗ್ದಾದಿನ ಕಡೆಗೆ ಏರಿ ಹೋದ ಈ ಸೈನ್ಯ ಹಿಮ್ಮೆಟ್ಟಿ ಕುತ್ ಪಟ್ಟಣದಲ್ಲಿ ಸಿಕ್ಕಿಬಿತ್ತು. 1915ರ ಡಿಸೆಂಬರ್ 7ರಂದು ಮೊದಲಾದ ತುರ್ಕಿ ಸೈನ್ಯದ ಮುತ್ತಿಗೆ 1916ರ ಏಪ್ರಿಲ್ 29ರವರೆಗೆ ನಡೆಯಿತು. ಹಸಿವಿನಿಂದ ಕಂಗೆಟ್ಟು ಶರಣಾದ ಸುಮಾರು 13 ಸಾವಿರ ಮಂದಿಯಲ್ಲಿ ಹೆಚ್ಚಿನವರು ಭಾರತೀಯರು. ಅವರನ್ನು ಮರುಭೂಮಿಯ ಮೂಲಕ ಉತ್ತರಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲೂ ಸೆರೆಯಲ್ಲೂ ಸತ್ತವರಲ್ಲಿ ಬಹುಮಂದಿಗೆ ಗುರುತಿನ ಸಮಾಧಿಯಿಲ್ಲ.

ಇಂಥ ಸಾವಿನ ಸುದ್ದಿ ಮನೆಗೆ ಬರುತ್ತಿದ್ದದ್ದು ತಂತಿಯ ಮೂಲಕ ಇಲ್ಲವೇ ಪಲ್ಟನ್ನಿನ ಕಾಗದದ ಮೂಲಕ. ಬಹಳ ಸಲ ‘ಸತ್ತಿದ್ದಾನೆ’ ಎಂಬ ಸುದ್ದಿಗೆ ಮುಂಚೆ ‘ಕಾಣೆಯಾಗಿದ್ದಾನೆ’ ಎಂಬ ಸುದ್ದಿ ಬರುತ್ತಿತ್ತು. ಹಾಗೆ ಬಂದಾಗ ಕುಂಕುಮ ಅಳಿಸಬೇಕೋ ಬೇಡವೋ, ಸೂತಕ ಹಿಡಿಯಬೇಕೋ ಬೇಡವೋ ಎಂಬುದೇ ಮನೆಯವರಿಗೆ ತಿಳಿಯದ ಕಷ್ಟ. ದೇಹ ಸಿಗದ ಸಾವಿಗೆ ಧರ್ಮಶಾಸ್ತ್ರದಲ್ಲಿ ದಾರಿಯೇನೋ ಇದೆ: ದರ್ಭೆಯಿಂದಲೂ ಮುತ್ತುಗದ ಎಲೆಯ ತೊಟ್ಟುಗಳಿಂದಲೂ ಸತ್ತವನ ಪ್ರತಿಕೃತಿ ಮಾಡಿ, ಅದನ್ನೇ ದೇಹವೆಂದು ಭಾವಿಸಿ ದಹನ ಮಾಡಿ, ಮುಂದಿನ ಕರ್ಮಗಳನ್ನು ನಡೆಸುವ ವಿಧಿ. ದೋಣಿ ಮುಗುಚಿ ಕಡಲು ಪಾಲಾದವರನ್ನು ಕಂಡ ಕರಾವಳಿಗೆ ದೇಹವಿಲ್ಲದ ಸಾವು ಅಪರಿಚಿತವಲ್ಲ. ಆದರೆ ಕಡಲಿಗೆ ಹೋದವನು ಯಾವ ದಿನ ಹೋದ ಎಂಬುದು ಊರಿಗೆ ಗೊತ್ತಿರುತ್ತದೆ. ಪರದೇಶದ ಸಿಪಾಯಿಯ ತಿಥಿಯೇ ಗೊತ್ತಾಗದೆ, ಅವನಿಗೆ ವರ್ಷಕ್ಕೊಮ್ಮೆ ಮಹಾಲಯ ಅಮಾವಾಸ್ಯೆಯ ಎಡೆಯೇ ಗತಿಯಾಗುತ್ತಿತ್ತು.

ಸರ್ಕಾರ ಮನೆಗೆ ಕಳುಹಿಸುತ್ತಿದ್ದ ವಸ್ತು ಇನ್ನೊಂದು. ಮೊದಲ ಮಹಾಯುದ್ಧದಲ್ಲಿ ಸತ್ತ ಪ್ರತಿಯೊಬ್ಬನ ವಾರಸುದಾರರಿಗೂ ಕಂಚಿನ ಒಂದು ಬಿಲ್ಲೆ ಸಿಗುತ್ತಿತ್ತು. ಅಗಲ ಹನ್ನೆರಡು ಸೆಂಟಿಮೀಟರ್, ಅಂದರೆ ಊಟದ ವಾಟಿಯ ಬಾಯಿಯಷ್ಟು. ಅದರ ಮೇಲೆ ಕೈಯಲ್ಲಿ ಮಾಲೆ ಹಿಡಿದು ನಿಂತ ಬ್ರಿಟಾನಿಯಾ ದೇವಿ, ಕಾಲ ಬಳಿ ಸಿಂಹ, ಪಕ್ಕದ ಚೌಕದೊಳಗೆ ಉಬ್ಬಿದ ಅಕ್ಷರದಲ್ಲಿ ಸತ್ತವನ ಹೆಸರು. ಹುದ್ದೆಯನ್ನು ಬೇಕೆಂದೇ ಬಿಟ್ಟಿದ್ದರು, ಸಾವಿನಲ್ಲಿ ಸುಬೇದಾರನೂ ಒಂದೇ, ಸಿಪಾಯಿಯೂ ಒಂದೇ ಎಂದು ತೋರಿಸುವುದಕ್ಕೆ. ಇಂಥ 13 ಲಕ್ಷಕ್ಕೂ ಹೆಚ್ಚು ಬಿಲ್ಲೆಗಳನ್ನು ಎರಕ ಹೊಯ್ದರು. ಇಂಗ್ಲೆಂಡಿನ ಜನ ಅದನ್ನು ‘ಸತ್ತವನ ಪೆನ್ನಿ’ ಎಂದು ಕಹಿಯಾಗಿ ಕರೆದರು. ಭಾರತದ ಹಳ್ಳಿಮನೆಗಳಿಗೂ ಅದು ಬಂತು. ಓದಲು ಬಾರದ ತಾಯಿಗೆ ಮಗನ ಹೆಸರು ಯಾವ ಸಾಲಿನಲ್ಲಿದೆ ಎಂದು ಬೆರಳಿನಿಂದ ತಡವಿ ನೋಡುವುದಕ್ಕಾದರೂ ಉಬ್ಬಿದ ಆ ಅಕ್ಷರಗಳು ಒದಗಿದವು. ಈಗ ಈ ಬಿಲ್ಲೆಗಳು ಹಳೆಯ ನಾಣ್ಯಗಳ ಜೊತೆ ಮಾರಾಟಕ್ಕೆ ಬರುತ್ತವೆ. ಗುಜರಿಗೆ ಹೋದ ಪ್ರತಿಯೊಂದು ಬಿಲ್ಲೆಯ ಜೊತೆಗೂ ಒಂದು ಊರಿನ ಚರಿತ್ರೆಯ ತುಣುಕು ಹೋಗುತ್ತದೆ.

ಯುದ್ಧ ಮುಗಿದ ಮೇಲೆ ಮುಂಬಯಿ, ಮದ್ರಾಸ್ ಪ್ರಾಂತ್ಯಗಳ ಹಲವು ಊರುಗಳಲ್ಲಿ ಶಾಲೆಯ ಗೋಡೆಗೋ ಚಾವಡಿಗೋ ಸಣ್ಣ ಕಲ್ಲಿನ ಫಲಕ ಬಂತು. ಈ ಊರಿನಿಂದ 1914–1919ರ ಮಹಾಯುದ್ಧಕ್ಕೆ ಇಷ್ಟು ಮಂದಿ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣ ಕೊಟ್ಟರು ಎಂಬ ಸಾರಾಂಶ ಮಾತ್ರ ಅದರಲ್ಲಿತ್ತು. ಎಲ್ಲ ಊರಿಗೂ ಒಂದೇ ಮಾದರಿ, ಬದಲಾಗುತ್ತಿದ್ದದ್ದು ಅಂಕಿಗಳಷ್ಟೇ. ಹೆಸರಿಗೆ ಜಾಗವಿರಲಿಲ್ಲ. ಆಗಿನ ಊರವರಿಗೆ ಹೆಸರು ಬೇಕಿರಲಿಲ್ಲ, ಅವರಿಗೆ ಗೊತ್ತಿತ್ತು. ಎರಡು ತಲೆಮಾರು ಕಳೆದ ಮೇಲೆ ಅಂಕಿ ಉಳಿಯಿತು, ಮನುಷ್ಯ ಹೋದ.

ದೊಡ್ಡ ಸ್ಮಾರಕಗಳಲ್ಲಿ ನಡೆದ ಅನ್ಯಾಯ ಇದಕ್ಕಿಂತ ದೊಡ್ಡದು. ಮೆಸೊಪೊಟೇಮಿಯಾದಲ್ಲಿ ಸತ್ತು ಸಮಾಧಿಯಿಲ್ಲದವರಿಗಾಗಿ ಬಸ್ರಾದಲ್ಲಿ ಕಟ್ಟಿದ ಸ್ಮಾರಕ 1929ರ ಮಾರ್ಚ್ 27ರಂದು ಉದ್ಘಾಟನೆಯಾಯಿತು. ಅದು ನೆನೆಯುವ 40 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಭಾರತೀಯರು. ಬ್ರಿಟಿಷ್ ಸಿಪಾಯಿಗಳ ಹೆಸರುಗಳನ್ನು ಒಂದೊಂದಾಗಿ ಕೆತ್ತಿದರು. ಭಾರತೀಯ ಅಧಿಕಾರಿಗಳ ಹೆಸರನ್ನೂ ಕೆತ್ತಿದರು. ಭಾರತೀಯ ಸಾಮಾನ್ಯ ಸಿಪಾಯಿಗಳ ಸರದಿ ಬಂದಾಗ ಪಲ್ಟನ್ನಿನ ಹೆಸರು ಬರೆದು ಅದರ ಕೆಳಗೆ ಸತ್ತವರ ಸಂಖ್ಯೆ ಹಾಕಿ ಕೈತೊಳೆದುಕೊಂಡರು. ಹೆಸರುಗಳು ಪುಸ್ತಕದ ಪಟ್ಟಿಗೆ ಹೋದವು. ಕುತ್‌ನಲ್ಲಿ ಬ್ರಿಟಿಷ್ ಸಿಪಾಯಿಯೋ ಭಾರತದ ಸಿಪಾಯಿಯೋ ಎಂದು ಹಸಿವು ಕೇಳಿರಲಿಲ್ಲ. ಕಲ್ಲು ಮಾತ್ರ ಕೇಳಿತು. ಅದೇ ಯುದ್ಧದ ಫ್ರಾನ್ಸಿನ ರಂಗದಲ್ಲಿ ಹೀಗಾಗಲಿಲ್ಲ. ನವ್ ಶಪೆಲ್‌ನಲ್ಲಿ 1927ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳು ಪೂರ್ತಿಯಾಗಿವೆ. ಇಂಗ್ಲೆಂಡಿನ ಬ್ರೈಟನ್ ಬಳಿ 53 ಹಿಂದೂ ಮತ್ತು ಸಿಖ್ ಸಿಪಾಯಿಗಳ ದಹನ ನಡೆದ ಜಾಗದಲ್ಲಿ ಅಮೃತಶಿಲೆಯ ಛತ್ರಿಯೇ ಎದ್ದಿತು. ಯುರೋಪಿನ ಕಣ್ಣಿಗೆ ಬೀಳುವಲ್ಲಿ ಹೆಸರು, ಕಣ್ಣಿಗೆ ಬೀಳದ ಕಡೆ ಲೆಕ್ಕ ಎಂಬಂತೆ ನಡೆದದ್ದನ್ನು ಮುಚ್ಚಿಡಲು ಸಾಧ್ಯವಿಲ್ಲ. ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವೇ 2021ರ ಏಪ್ರಿಲ್‌ನಲ್ಲಿ ಈ ತಾರತಮ್ಯವನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ಏಷ್ಯಾ, ಆಫ್ರಿಕಾದ 45 ಸಾವಿರದಿಂದ 54 ಸಾವಿರ ಮಂದಿಯನ್ನು ಅಸಮಾನವಾಗಿ ನೆನೆಯಲಾಗಿದೆ, ಕಡಿಮೆಯೆಂದರೂ 1 ಲಕ್ಷ 16 ಸಾವಿರ ಮಂದಿಯ ಹೆಸರೇ ಇಲ್ಲ ಎಂದು ಅದರ ವರದಿ ಹೇಳಿತು. ಬಸ್ರಾದ ಸ್ಮಾರಕವೂ ಮೊದಲಿನ ಜಾಗದಲ್ಲಿಲ್ಲ. ನದಿಯ ದಂಡೆಯಲ್ಲಿದ್ದ ಅದನ್ನು 1997ರಲ್ಲಿ ಸದ್ದಾಂ ಹುಸೇನರ ಸರ್ಕಾರ ಕಿತ್ತು ನಾಸಿರಿಯಾ ರಸ್ತೆಯ ಮರಳುಗಾಡಿಗೆ ಸಾಗಿಸಿತು.

ಮೈಸೂರಿನ ಅನುಭವ ಬೇರೆಯಾಗಲು ಕಾರಣ, ಆ ಸೇನೆಗೆ ತನ್ನದೇ ಒಡೆಯರಿದ್ದರು. ಮೈಸೂರು ಲ್ಯಾನ್ಸರ್ಸ್ ಕುದುರೆ ಸೈನ್ಯ 1914ರ ಅಕ್ಟೋಬರಿನಲ್ಲಿ ಈಜಿಪ್ಟಿಗೆ ಹೊರಟು, ಸೂಯೆಜ್ ಕಾಲುವೆಯ ಕಾವಲಿನಲ್ಲಿ ನಿಂತು, ಮುಂದೆ ಹೈದರಾಬಾದ್ ಮತ್ತು ಜೋಧಪುರದ ಸೈನ್ಯಗಳ ಜೊತೆ ಪ್ಯಾಲೆಸ್ಟೈನಿಗೆ ನುಗ್ಗಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಎದುರಿಗೆ ಜೋಧಪುರದವರು ಕಿಶೋನ್ ಹೊಳೆಯ ಬದಿಯಿಂದ ಏರಿ ಹೋದರೆ, ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. ಮೆಷಿನ್ ಗನ್ನುಗಳ ಎದುರು ಭರ್ಜಿ, ಕತ್ತಿ ಹಿಡಿದು ಕುದುರೆ ಓಡಿಸಿದ ಈ ದಿನ ಶತ್ರುಪಕ್ಷದ 1,350 ಮಂದಿ ಸೆರೆಸಿಕ್ಕರು. ಗೆದ್ದವರ ಕಡೆ ಸತ್ತವರು ಎಂಟು, ಗಾಯಗೊಂಡವರು 34. ಸತ್ತ ಕುದುರೆಗಳು 60. ತಿಂಗಳ ನಂತರ, ಅಕ್ಟೋಬರ್ 26ರಂದು, ಅಲೆಪ್ಪೊದ ಆಚೆಯ ಹರಿತಾನ್‌ನಲ್ಲಿ ಇದೇ ಸವಾರರು ಮತ್ತೆ ನುಗ್ಗಿ ಮತ್ತೆ ಸತ್ತರು. ತುರ್ಕಿಯೊಡನೆ ಕದನವಿರಾಮಕ್ಕೆ ಸಹಿ ಬಿದ್ದದ್ದು ಅಕ್ಟೋಬರ್ 30ಕ್ಕೆ. ಇನ್ನು ನಾಲ್ಕೇ ದಿನ ಕಳೆದಿದ್ದರೆ ಊರಿಗೆ ಮರಳುತ್ತಿದ್ದವರು ಅವರು.

ಈ ಸವಾರರ ಹೆಸರು ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕಸ್ತಂಭದ ಮೇಲಿದೆ. ದೆಹಲಿಯಲ್ಲಿ 1922ರಲ್ಲಿ ನಿಂತ ತೀನ್ ಮೂರ್ತಿಯ ಮೂವರಲ್ಲಿ ಒಬ್ಬ ಮೈಸೂರಿನ ಯೋಧ. 2018ರ ಜನವರಿಯಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು. ಪ್ರತಿ ಸೆಪ್ಟೆಂಬರ್ 23ರಂದು ಹೈಫಾ ದಿನದ ಗೌರವ ನಡೆಯುತ್ತದೆ. ಕುತ್‌ನ ಮುತ್ತಿಗೆಯಲ್ಲಿ ಸೊರಗಿ ಸತ್ತ ಮುಂಬಯಿ ಪ್ರಾಂತ್ಯದ ಸಿಪಾಯಿಗೆ ಇಂಥ ದಿನವಿಲ್ಲ. ಗೆಲುವಿನ ದಿನಕ್ಕೆ ಹಬ್ಬ ಮಾಡುವುದು ಸುಲಭ, ಸೋಲಿನ ದಿನಕ್ಕೆ ಕಷ್ಟ. ಸತ್ತವನ ಪಾಲಿಗೆ ಎರಡೂ ಒಂದೇ ಆಗಿತ್ತು.

ಕಾರವಾರ–ಅಂಕೋಲೆಯಲ್ಲಿ ಮರೆವಿಗೆ ಮತ್ತೊಂದು ಕಾರಣವೂ ಸೇರಿಕೊಂಡಿತು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರು ಉಪ್ಪಿನ ಕಾಯ್ದೆ ಮುರಿದರು. ಅದರ ಹಿಂದೆಯೇ ಬಂದ ಕರನಿರಾಕರಣೆಯಲ್ಲಿ ಇಲ್ಲಿನ ರೈತರು ಜಮೀನು, ದನಕರು, ಪಾತ್ರೆಪಗಡಿ ಕಳೆದುಕೊಂಡರು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಆಗಲೇ. ಹೀಗೆ ಬ್ರಿಟಿಷರ ವಿರುದ್ಧ ಜೈಲಿಗೆ ಹೋದವರ ಊರಿನಲ್ಲಿ ಬ್ರಿಟಿಷರ ಸಮವಸ್ತ್ರದಲ್ಲಿ ಸತ್ತವನನ್ನು ಯಾವ ಮಾತಿನಲ್ಲಿ ನೆನೆಯಬೇಕು ಎಂಬುದು ಸಹಜವಾಗಿಯೇ ಇಕ್ಕಟ್ಟಿನ ಪ್ರಶ್ನೆ. ಸತ್ಯಾಗ್ರಹಿಯ ಹೆಸರು ಭಾಷಣಕ್ಕೆ ಬಂತು, ಪಠ್ಯಕ್ಕೆ ಬಂತು. ಸಿಪಾಯಿಯ ಹೆಸರು ಮನೆಯ ಹೊಸ್ತಿಲು ದಾಟಲಿಲ್ಲ.

ಆದರೆ ಸತ್ಯಾಗ್ರಹಿಯೂ ಸಿಪಾಯಿಯೂ ಬೇರೆ ಬೇರೆ ಜಾತಿಯ ಮನುಷ್ಯರಾಗಿರಲಿಲ್ಲ ಎಂಬುದಕ್ಕೆ ಕಾರವಾರ ಮತ್ತು ಬೇಲೆಕೇರಿಯ ನಡುವಿನ ಚೆಂಡಿಯಾದ ರಾಮ ರಾಘೋಬಾ ರಾಣೆಯವರ ಬದುಕೇ ಸಾಕ್ಷಿ. ಅವರು ಹುಟ್ಟಿದ್ದು 1918ರ ಜೂನ್ 26ರಂದು, ತಂದೆ ಪೊಲೀಸ್ ಕಾನ್‌ಸ್ಟೇಬಲ್. ತಂದೆಗೆ ವರ್ಗವಾದ ಕಡೆಯೆಲ್ಲ ಹುಡುಗನ ಶಾಲೆ. 1930ರ ಚಳವಳಿಯ ಗಾಳಿ ಹನ್ನೆರಡರ ಈ ಬಾಲಕನಿಗೂ ತಟ್ಟಿತು. ಗಾಬರಿಗೊಂಡ ತಂದೆ ಸಂಸಾರವನ್ನು ಚೆಂಡಿಯಾಕ್ಕೆ ಮರಳಿ ತಂದರು. ಅದೇ ಹುಡುಗ ಹತ್ತು ವರ್ಷದ ಮೇಲೆ, 1940ರ ಜುಲೈ 10ರಂದು, ಕಿರ್ಕಿಯ ಸ್ಯಾಪರ್ಸ್ ದಂಡಿಗೆ ಸೇರಿ 26ನೇ ಡಿವಿಜನ್ನಿನೊಂದಿಗೆ ಬರ್ಮಾದ ಅರಾಕಾನಿಗೆ ಹೋದರು. ಸೈನ್ಯ ಹಿಂದಕ್ಕೆ ಸರಿಯುವಾಗ ಬುಥಿಡಾಂಗಿನಲ್ಲಿ ಮದ್ದುಗುಂಡಿನ ದಾಸ್ತಾನು ಜಪಾನೀಯರ ಕೈಸೇರದಂತೆ ಸುಡಲು ರಾಣೆಯವರನ್ನೂ ಎರಡು ತುಕಡಿಗಳನ್ನೂ ಬಿಟ್ಟುಹೋದರು. ಕೆಲಸವಾದ ಮೇಲೆ ನೌಕಾಪಡೆಯ ಹಡಗು ಬಂದು ಅವರನ್ನು ಕರೆದೊಯ್ಯಬೇಕಿತ್ತು. ದಾಸ್ತಾನು ಸುಟ್ಟಿತು, ಹಡಗು ಬರಲಿಲ್ಲ. ಜಪಾನಿ ಪಹರೆಯಿದ್ದ ಹೊಳೆಯನ್ನು ದಾಟಿ ಬಾವ್ಲಿ ಬಜಾರಿನಲ್ಲಿದ್ದ ತಮ್ಮ ಸೈನ್ಯವನ್ನು ಅವರು ಸೇರಿಕೊಂಡರು.

ಆ ಹೊಳೆಯ ಈಚೆ ದಡ ಮುಟ್ಟಿದವರಿಗೆ ಮುಂದೆ ಒಂದು ಬದುಕಿತ್ತು. ರಾಣೆಯವರು 1948ರ ಏಪ್ರಿಲ್‌ನಲ್ಲಿ ನೌಶೇರಾ–ರಜೌರಿ ದಾರಿಯಲ್ಲಿ ಗುಂಡಿನ ಮಳೆಯ ನಡುವೆ ಮೈನುಗಳನ್ನು ತೆಗೆದು, ಟ್ಯಾಂಕಿನ ಅಡಿಯಲ್ಲೇ ತೆವಳುತ್ತ ಹಗ್ಗ ಎಳೆದು ಚಾಲಕನಿಗೆ ಸನ್ನೆ ಕೊಟ್ಟು ದಾರಿ ಮಾಡಿದರು. ಪರಮವೀರ ಚಕ್ರ ಪಡೆದ 21 ಮಂದಿಯಲ್ಲಿ ಬದುಕಿದ್ದು ಅದನ್ನು ಧರಿಸಿದ ಏಳು ಮಂದಿಗೆ ಸೇರಿದರು. ಮೇಜರ್ ಆಗಿ ನಿವೃತ್ತರಾಗಿ 1994ರ ಜುಲೈ 11ರಂದು ಪುಣೆಯಲ್ಲಿ ತೀರಿಕೊಂಡರು. ಹಡಗು ನಿಗಮದ ಒಂದು ತೈಲವಾಹಕಕ್ಕೆ 1984ರಲ್ಲಿ ಅವರ ಹೆಸರಿಟ್ಟರು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಚಾಪಲ್ ಯುದ್ಧನೌಕೆಯ ಸಂಗ್ರಹಾಲಯದ ಬಳಿ, ಅವರ ಪ್ರತಿಮೆಯಿದೆ. 2023ರಲ್ಲಿ ಅಂಡಮಾನಿನ ಒಂದು ದ್ವೀಪವೂ ಅವರ ಹೆಸರು ಪಡೆಯಿತು. ಅರಾಕಾನಿನಲ್ಲಿ ಗುಂಡಿಗೋ ಮಲೇರಿಯಾಕ್ಕೋ ಸಿಕ್ಕಿ ಸತ್ತ ಅವರ ಓರಗೆಯವರಿಗೆ ಇದಾವುದೂ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರು ಸುಮಾರು 87 ಸಾವಿರ. ಬರ್ಮಾದಲ್ಲಿ ಸತ್ತು ಸಮಾಧಿಯಿಲ್ಲದ ಸುಮಾರು 27 ಸಾವಿರ ಮಂದಿಯ ಹೆಸರು ರಂಗೂನಿನ ಬಳಿಯ ತೌಕ್ಯಾನ್ ಸಮಾಧಿಸ್ಥಳದ ಉದ್ದನೆಯ ಕಂಬಸಾಲಿನ ಮೇಲಿದೆ. 1958ರಲ್ಲಿ ಉದ್ಘಾಟನೆಯಾದ ಆ ಸ್ಮಾರಕದ ಸಮರ್ಪಣೆಯ ಮಾತು ಇಂಗ್ಲಿಷ್, ಬರ್ಮೀ, ಹಿಂದಿ, ಉರ್ದು, ಗುರುಮುಖಿಗಳಲ್ಲಿದೆ. ಈ ಬಾರಿ ಸಿಪಾಯಿಗಳನ್ನು ಸಂಖ್ಯೆಯಾಗಿಸಲಿಲ್ಲ, ಹೆಸರುಗಳನ್ನು ಕೆತ್ತಿದರು. ಬಸ್ರಾಕ್ಕೂ ರಂಗೂನಿಗೂ ಇರುವ ದೊಡ್ಡ ವ್ಯತ್ಯಾಸ ಇದು.

ಇಲ್ಲಿ ಒಂದು ವಿಚಿತ್ರ ತೊಡಕು ಕಾಣುತ್ತದೆ. ದೆಹಲಿಯ ಇಂಡಿಯಾ ಗೇಟ್ 1931ರಲ್ಲಿ ಮುಗಿದದ್ದರಿಂದ ಅದರ ಮೇಲಿರುವ 13 ಸಾವಿರಕ್ಕೂ ಹೆಚ್ಚು ಹೆಸರುಗಳು ಮೊದಲ ಮಹಾಯುದ್ಧ ಮತ್ತು ಅಫ್ಘಾನ್ ಗಡಿಯ ಕದನಗಳವು. ಅದರ ಪಕ್ಕದಲ್ಲೇ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ 25 ಸಾವಿರಕ್ಕೂ ಹೆಚ್ಚು ಹೆಸರುಗಳು ಸ್ವಾತಂತ್ರ್ಯಾನಂತರದವು. 1939ರಿಂದ 1945ರ ನಡುವೆ ಬರ್ಮಾ, ಇಟಲಿ, ಎರಿಟ್ರಿಯಾ, ಸಿಂಗಪುರಗಳಲ್ಲಿ ಸತ್ತವರು ಈ ಎರಡರ ನಡುವಿನ ಸಂದಿಯಲ್ಲಿ ಬಿದ್ದಿದ್ದಾರೆ. ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ, ಇಟಲಿಯ ಟೈಬರ್ ಕಣಿವೆಯಲ್ಲಿ ಕಾದಿದ ಮರಾಠಾ ಪಲ್ಟನ್ನಿನ ನೆಲೆ ಇಂದಿಗೂ ಬೆಳಗಾವಿಯಲ್ಲಿದೆ. ಅದರ ಆ ಕಾಲದ ಸಿಪಾಯಿಯ ಹೆಸರು ರಾಜಧಾನಿಯ ಎರಡು ದೊಡ್ಡ ಸ್ಮಾರಕಗಳಲ್ಲಿ ಸಿಗುವುದಿಲ್ಲ. ಅವನು ಯಾರಿಗಾಗಿ ಕಾದಿದ ಎಂಬ ವಾದ ಏನೇ ಇರಲಿ, ಅವನು ಯಾವ ಊರಿನ ಮಗ ಎಂಬುದರಲ್ಲಿ ವಾದವಿಲ್ಲ.

ಸ್ವತಂತ್ರ ಭಾರತದ ಸೈನಿಕರೂ ಕಡಲಾಚೆ ಸತ್ತಿದ್ದಾರೆ. ಕಾಂಗೋ ಮೊದಲ್ಗೊಂಡು ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಅತಿ ಹೆಚ್ಚು ಸೈನಿಕರನ್ನು ಕಳೆದುಕೊಂಡ ದೇಶಗಳ ಸಾಲಿನಲ್ಲಿ ಭಾರತ ಮುಂದಿದೆ. 1987ರಿಂದ 1990ರವರೆಗೆ ಶ್ರೀಲಂಕೆಗೆ ಹೋದ ಶಾಂತಿಪಾಲನಾ ಪಡೆ ಸುಮಾರು 1,200 ಮಂದಿಯನ್ನು ಕಳೆದುಕೊಂಡಿತು. ಅವರ ಹೆಸರು ಹೊತ್ತ ಸ್ಮಾರಕ ಕೊಲಂಬೊ ಬಳಿಯ ಶ್ರೀ ಜಯವರ್ಧನಪುರ ಕೋಟ್ಟೆಯಲ್ಲಿದೆ. ರಣರಂಗದ ಹತ್ತಿರವೇ ಅಂತ್ಯಸಂಸ್ಕಾರ ಮಾಡಿ ಮನೆಗೆ ಸುದ್ದಿ ಕಳುಹಿಸುವ ಹಳೆಯ ರೂಢಿ ನಿಜವಾಗಿ ಬದಲಾದದ್ದು 1999ರ ಕಾರ್ಗಿಲ್ ಯುದ್ಧದಲ್ಲಿ. ಧ್ವಜ ಹೊದಿಸಿದ ಪೆಟ್ಟಿಗೆ ಹಳ್ಳಿಗೆ ಬಂದು, ಶಾಲೆಯ ಮೈದಾನದಲ್ಲಿ ದರ್ಶನಕ್ಕಿಟ್ಟು, ಸರ್ಕಾರಿ ಗೌರವದೊಂದಿಗೆ ಚಿತೆಯೇರುವುದನ್ನು ಇಂದಿನ ತಲೆಮಾರು ಎಂದಿನಿಂದಲೂ ಇದ್ದ ಪದ್ಧತಿಯೆಂದೇ ತಿಳಿದಿದೆ. ಅದಕ್ಕೆ ಮುಂಚಿನ ಎಂಬತ್ತು ವರ್ಷ ಅದು ಇರಲಿಲ್ಲ.

ಈಗ ಹೆಸರು ಹುಡುಕುವುದು ಹಿಂದಿನಷ್ಟು ಕಷ್ಟವಲ್ಲ. ಯುದ್ಧಸಮಾಧಿ ಆಯೋಗದ ದಾಖಲೆ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಎರಡನೆಯ ಯುದ್ಧದ ಅನೇಕ ಭಾರತೀಯರ ನಮೂದಿನಲ್ಲಿ ತಂದೆಯ ಅಥವಾ ಹೆಂಡತಿಯ ಹೆಸರು, ಊರು, ಜಿಲ್ಲೆ ಎಲ್ಲವೂ ಇವೆ. ಹುಡುಕುವವರು ನೆನಪಿಡಬೇಕಾದದ್ದು ಇಷ್ಟು: ಆಗಿನ ಕಾಗದಗಳಲ್ಲಿ ಕಾರವಾರ, ಅಂಕೋಲೆಗಳ ಜಿಲ್ಲೆ ‘ಕೆನರಾ’, ಪ್ರಾಂತ್ಯ ‘ಬಾಂಬೆ’, ಊರುಗಳ ಸ್ಪೆಲ್ಲಿಂಗ್ ಗುಮಾಸ್ತನ ಕಿವಿಗೆ ಬಿದ್ದಂತೆ. ಪಂಜಾಬಿನ 3 ಲಕ್ಷಕ್ಕೂ ಹೆಚ್ಚು ಸಿಪಾಯಿಗಳ ಊರುವಾರು ಪಟ್ಟಿಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದು, ಅವುಗಳನ್ನು ಗಣಕಕ್ಕೆ ಏರಿಸುವ ಕೆಲಸ ಬಹಳ ಮುಂದೆ ಹೋಗಿದೆ. ಅಂಥ ಕೆಲಸ ನಮ್ಮ ಕರಾವಳಿಯಲ್ಲೂ ಆಗಬೇಕು. 2023ರ ‘ನನ್ನ ಮಣ್ಣು ನನ್ನ ದೇಶ’ ಅಭಿಯಾನದಲ್ಲಿ ಗ್ರಾಮ ಪಂಚಾಯಿತಿಗಳು ನಾಡಿಗಾಗಿ ಪ್ರಾಣ ಕೊಟ್ಟವರ ಹೆಸರಿಗೆಂದು ಶಿಲಾಫಲಕಗಳನ್ನು ನಿಲ್ಲಿಸಿವೆ. ಬಸ್ರಾದ ಪುಸ್ತಕದಲ್ಲಿ, ರಂಗೂನಿನ ಕಂಬಗಳಲ್ಲಿ ಇರುವ ಕಾರವಾರ, ಅಂಕೋಲೆಯ ಹೆಸರುಗಳನ್ನು ಹುಡುಕಿ ತೆಗೆದು ಆಯಾ ಊರಿನ ಫಲಕಕ್ಕೆ ಸೇರಿಸುವ ಕೆಲಸವನ್ನು ಇಲ್ಲಿನ ಪಂಚಾಯಿತಿಗಳು, ಹೈಸ್ಕೂಲುಗಳ ಇತಿಹಾಸದ ಮಾಸ್ತರರು, ಮಾಜಿ ಸೈನಿಕರು ಕೂಡಿ ಕೈಗೆತ್ತಿಕೊಳ್ಳಲಿ. ಮನೆಯಲ್ಲಿ ಅಜ್ಜನ ಕಾಲದ ಕಂಚಿನ ಬಿಲ್ಲೆ, ಪದಕ, ಪಿಂಚಣಿ ಪುಸ್ತಕ, ಪಲ್ಟನ್ನಿನ ಕಾಗದ ಇದ್ದವರು ಅವನ್ನು ಮಾರದೆ, ಎಸೆಯದೆ, ಮೊದಲು ಅವುಗಳ ಮೇಲಿನ ಹೆಸರನ್ನೂ ನಂಬರನ್ನೂ ಬರೆದಿಟ್ಟುಕೊಳ್ಳಲಿ.